ಕಲ್ಲಿನ ಹೆಂಗಸಿಗೂ ಸಲಾಮ್

ಖಾಲಾ ಅವರ ಒಂದು ಕಣ್ಣು ಕಪ್ಪು. ಇನ್ನೊಂದು ಪೊರೆ ಬೆಳೆದು ಗಂಜಿಯಂತೆ ಬೆಳ್ಳಗಾಗಿತ್ತು. ಉಳಿದ ಮುಖವೆಲ್ಲ ಮಾಸ್ಕಿನೊಳಗಿದ್ದ ಕಾಲ ಅದು. ಬೆಂಗಳೂರಿನಿಂದ ಮಗಳ ಬಾಣಂತನಕ್ಕೆಂದು ನಾನಿರುವ ಡಚ್ ಊರು ಹೂಫ್‌ಡಾರ್ಪಿಗೆ ಬಂದವರು, ವಿಮಾನಗಳು ನಿಂತು, ನಮ್ಮ ಪಕ್ಕದ ಮನೆಯಲ್ಲೇ ಉಳಿದುಬಿಟ್ಟರು. ಚಿಕ್ಕಮ್ಮನ ಸಮಾನವೆಂದು ನಾನೂ ಖಾಲಾ ಎನ್ನುತ್ತಿದ್ದೆ. ಕನ್ನಡದವಳು ಸಿಕ್ಕಳೆಂದು ಸಂಜೆ ನನ್ನನ್ನು ವಾಕಿಂಗಿಗೆ ಎಳೆಯುತ್ತಿದ್ದರು. ನಡುವೆ ಒಂದೂವರೆ ಮೀಟರ್ ಅಂತರ. ಹರಟೆಗೆ ಅದೇನೂ ಅಡ್ಡಿಯಾಗಲಿಲ್ಲ.

ದಾರಿ ಹಳೆಯ ಚರ್ಚಿನ ಅಂಗಳದ ಮೂಲಕ. ಅಲ್ಲೊಂದು ಕಲ್ಲಿನ ಗೋರಿ. ಮೇಲೆ ಕೈಜೋಡಿಸಿ ಮಲಗಿದ ಹೆಂಗಸಿನ ಕೆತ್ತನೆ. ಉಡುಪಿನ ನೆರಿಗೆ, ಕಾಲ ಬಳಿಯ ನಾಯಿಮರಿ ಎಲ್ಲ ಸ್ಪಷ್ಟ. ಮುಖ ಮಾತ್ರ ಮಳೆಗೆ ಸವೆದು ನುಣ್ಣಗಾಗಿತ್ತು. ಮಸಣ ಹಾದರೆ ತಲೆಗೆ ನೀರು ಹಾಕಿಕೊಳ್ಳಬೇಕೆನ್ನುವ ಮೈಸೂರಿನ ಮನೆಯವಳು ನಾನು, ಆ ಕಡೆ ನೋಡದೆ ಸರಸರ ನಡೆಯುತ್ತಿದ್ದೆ. ಖಾಲಾ ನಿಂತು ಸಲಾಮ್ ಹೇಳುತ್ತಿದ್ದರು. ಆಮೇಲೆ ತಲೆ ವಾಲಿಸಿ ಕಾಯುತ್ತಿದ್ದರು. ಕೇಳಿಸಿತು ಎನ್ನುವ ಹಾಗೆ ತಲೆಯಾಡಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಅವಳೇನು ನಿಮ್ಮವಳೇ ಎಂದು ಒಮ್ಮೆ ಕೆಣಕಿದೆ.

"ಮಲಗಿರೋರನ್ನ ಮಾತಾಡಿಸ್ದೆ ದಾಟೋಕಾಗುತ್ತಾ ಬೇಟಿ? ಸಲಾಮಿಗೆ ಅವ್ರು ಜವಾಬು ಕೊಡ್ತಾರೆ. ನಮ್ಗೆ ಕೇಳ್ಸಲ್ಲ, ಅಷ್ಟೇ."

ನಿಮಗೆ ಕೇಳಿಸುತ್ತದೆಯೇ ಎಂದೆ. ಅವರು ಗೋರಿಯ ಕಡೆ ಇನ್ನೊಮ್ಮೆ ತಲೆಯಾಡಿಸಿ ಮುಂದೆ ನಡೆದರು.

ಸಾವಿಗೆ ಅಂಜುವ ಜೀವವಲ್ಲ ಅದು. ಊರಲ್ಲಿ ಗಂಡನ ಗೋರಿಯ ಪಕ್ಕ ಜಾಗವಿತ್ತು, ಹೋಗಿ ಬರುವ ಬಂಧುಗಳಿದ್ದರು. ಇಲ್ಲೇ ಮಣ್ಣಾದರೆ ಮಾತಾಡಿಸುವವರೇ ಇಲ್ಲ ಎನ್ನುವ ಒಂದೇ ಚಿಂತೆ ಅವರನ್ನು ತಿನ್ನುತ್ತಿತ್ತು. ಆ ಚಳಿಗಾಲ ಅವರಿಗೂ ಜ್ವರ ಬಂತು. ಆಸ್ಪತ್ರೆಯಿಂದ ಫೋನು ಮಾಡಿದರು, ಉಸಿರು ಸಾಲುತ್ತಿರಲಿಲ್ಲ.

"ಅಳಿಯಂಗೆ ದುಬೈಗೆ ವರ್ಗ ಆಗಿದೆ. ಇವ್ರೆಲ್ಲ ಹೋಗ್ತಾರೆ. ನೀನು ಇಲ್ಲೇ ಇರ್ತೀಯಲ್ಲ... ಬಂದು ಮಾತಾಡಿಸ್ತೀಯಾ?"

"ಬರ್ತೀನಿ ಖಾಲಾ" ಎಂದೆ. ಅದೇ ಕೊನೆಯ ಮಾತು.

ಊರಾಚೆಯ ಸ್ಮಶಾನದಲ್ಲಿ, ಮುಸ್ಲಿಮರಿಗೆಂದು ಬಿಟ್ಟ ಭಾಗದಲ್ಲಿ ಮಣ್ಣು ಮಾಡಿದರು. ಮಗಳ ಸಂಸಾರ ದುಬೈಗೆ ಹೋಯಿತು. ನಾನು ಬಿಡುವಾದಾಗಲೆಲ್ಲ ಹೋಗಿ ಸಲಾಮ್ ಹೇಳಿ, ಮನೆಯ ಸುದ್ದಿ ಒಪ್ಪಿಸಿ ಬರುತ್ತೇನೆ. ಬಂದು ಸ್ನಾನ ಮಾಡುವುದನ್ನು ಬಿಟ್ಟಿದ್ದೇನೆ. ಖಾಲಾ ಅವರನ್ನು ಕಂಡು ಬಂದರೆ ಎಂಥ ಮೈಲಿಗೆ? ಸತ್ತವರ ಭಯ ಬಿಡಿಸಿದವರೇ ಅವರು.

ಮೊನ್ನೆ ದಟ್ಟ ಮಂಜು. ಖಾಲಾ ಅವರ ಗೋರಿಯ ಬಳಿ ಬಂದು ಕೈಗವಸು ಬಿಚ್ಚುತ್ತಿದ್ದೆ. "ಬಂದ್ಯಾ ಬೇಟಿ" ಎಂದಿತು ದನಿ. ಬಂದೆ ಖಾಲಾ ಎಂದು, ಎಂದಿನಂತೆ ಮನೆಯ ಸುದ್ದಿಯೆಲ್ಲ ಹೇಳಿ ಸೈಕಲ್ ಹತ್ತಿದೆ. ಮನೆಯ ಬೀಗ ತೆಗೆಯುವಾಗ ಹೊಳೆಯಿತು: ಅಂದು ನಾನು ಸಲಾಮ್ ಹೇಳಿರಲೇ ಇಲ್ಲ, ಮೊದಲು ಮಾತಾಡಿಸಿದ್ದು ಅವರೇ.