ಅವ್ವನ ಒಲೆ, ನನ್ನ ಬಜೆಟ್ಟು

ಹಳೆಯ ಒಲೆ ಒಡೆಯಲು ಗೌಂಡಿ ಹುಸೇನಪ್ಪ ಹಾರೆ ಎತ್ತಿದ್ದೇ ತಡ, ನಮ್ಮವ್ವ ಆ ಒಲೆಗೆ ಬೆಂಕಿ ಹಚ್ಚಿದಳು.

“ಉರಿಯೋ ಒಲಿಗೆ ಹಾರಿ ಹಾಕಬಾರದ್ರೀ ಮಾಸ್ತರ, ಪಾಪ ಹತ್ತತದ,” ಎಂದು ಹುಸೇನಪ್ಪ ಹಾರೆ ಕೆಳಗಿಟ್ಟ.

ಅದು ಎರಡನೇ ಮಹಾಯುದ್ಧದ ಕಾಲ, ಎಲ್ಲವೂ ತುಟ್ಟಿ. ಹೊಗೆಗೆ ಅವ್ವನ ಕಣ್ಣು ಕೆಂಪಾಗುವುದನ್ನು ನೋಡಲಾರದೆ, ರಾಯಚೂರಿನ ಸಾಹೇಬರೊಬ್ಬರ ಬಂಗಲೆಯಲ್ಲಿ ಕಂಡಂತೆ, ನಿಂತು ಅಡುಗೆ ಮಾಡುವ ಕಟ್ಟೆಯನ್ನು ಮಾನವಿಯ ನಮ್ಮ ಮನೆಯಲ್ಲೂ ಕಟ್ಟಿಸಲು ಹೊರಟಿದ್ದೆ. ಕಲ್ಲು, ಸುಣ್ಣ, ಬಂಡಿ ಬಾಡಿಗೆ, ಕೂಲಿ ಎಲ್ಲಕ್ಕೂ ಬೇರೆ ಬೇರೆ ದುಡ್ಡಿನ ಗಂಟು ಕಟ್ಟಿಟ್ಟಿದ್ದೆ. ಅವ್ವನನ್ನು ಕೇಳುವ ಬಾಬತ್ತು ಮಾತ್ರ ನನ್ನ ಬಜೆಟ್ಟಿನಲ್ಲಿ ಇರಲಿಲ್ಲ.

“ನಿಂತು ರೊಟ್ಟಿ ಬಡ್ಯಾಕ ನಾನೇನು ಕಚೇರಿ ಜವಾನೇನಲೇ?” ಎಂದಳು ಅವ್ವ. “ಹುಸೇನಪ್ಪಾ, ನೀ ಉಣ್ಣಾಕ ಕುಂದ್ರಪಾ.”

ಮರುದಿನವೂ ಒಲೆ ಆರಲಿಲ್ಲ, ಆ ವಾರವಿಡೀ ಆರಲಿಲ್ಲ. ಹುಸೇನಪ್ಪ ದಿನಾ ಬಂದು, ಉರಿಯುವ ಒಲೆಗೆ ಕೈಮುಗಿದು, ರೊಟ್ಟಿ ಪುಂಡಿಪಲ್ಯ ಉಂಡು, ಧರ್ಮ ಕಾಪಾಡಿದ ಗಾಂಭೀರ್ಯದಿಂದ ಕೂಲಿ ಪಡೆದು ಹೋಗುತ್ತಿದ್ದ. ನಾನೇ ಕರೆಸಿದವನಿಗೆ ಕೂಲಿ ಇಲ್ಲವೆನ್ನುವುದು ಹೇಗೆ? ಕಡೆಗೆ ಕಲ್ಲಿನ ಗಂಟನ್ನೂ ಕೂಲಿಗೇ ಬಿಚ್ಚಬೇಕಾಯಿತು.

“ಉಳಿದ ದುಡ್ಡಿನಾಗ ಏನು ಮಾಡ್ಲಿ ಬೇ?” ಎಂದು ಸೋತು ಕೇಳಿದೆ.

ಅವ್ವ ರೊಟ್ಟಿ ಬಡಿಯುತ್ತಲೇ ಮಾಳಿಗೆಯತ್ತ ಗದ್ದ ಎತ್ತಿದಳು. “ನನ್ನ ತಲಿ ಮ್ಯಾಲ ಒಂದು ಕಿಂಡಿ ತೆಗಸು, ಹೊಗಿ ಹೋಗತದ. ಮೊದ್ಲ ಕೇಳಿದ್ರ ಮೊದ್ಲ ಹೇಳ್ತಿದ್ದೆ.”

ಹುಸೇನಪ್ಪ ಮಾಳಿಗೆ ಹತ್ತಿ ಮಧ್ಯಾಹ್ನದೊಳಗೆ ಕಿಂಡಿ ತೆಗೆದ. ಅಂದು ಅವ್ವ ಒಮ್ಮೆಯೂ ಕಣ್ಣೊರೆಸಿಕೊಳ್ಳದೆ ಬುಟ್ಟಿ ತುಂಬ ರೊಟ್ಟಿ ಬಡಿದಳು. ಮನೆಯಲ್ಲಿ ಕಣ್ಣೊರೆಸಿಕೊಂಡವನು ನಾನೊಬ್ಬನೇ, ಅದೂ ಹೊಗೆಯಿಲ್ಲದೆ.