ಫುಟ್‌ಪಾತಿನ ಕಂಬಗಳು

ಇಂದಿರಾನಗರದ ನಮ್ಮ ರಸ್ತೆಯ ಫುಟ್‌ಪಾತಿಗೆ ಇಳಿಜಾರು ಮಾಡಿಸಿದ ಮೇಲೆ, ಗಾಲಿಕುರ್ಚಿಯಲ್ಲಿ ಮೊದಲ ಸಲ ಒಬ್ಬಳೇ ತರಕಾರಿ ಅಂಗಡಿಗೆ ಹೋಗಿಬಂದೆ. ಆದರೆ ಅದೇ ಇಳಿಜಾರು ಹತ್ತಿ ಬೈಕುಗಳೂ ನುಗ್ಗತೊಡಗಿದವು. ಅವನ್ನು ತಡೆಯಲು ಮೊಣಕಾಲೆತ್ತರದ ಕಬ್ಬಿಣದ ಕಂಬಗಳನ್ನು ನೆಟ್ಟರು. ಅವುಗಳ ನಡುವೆ ನನ್ನ ಕುರ್ಚಿ ತೂರಲಿಲ್ಲ.

ಕೆಲಸ ಮಾಡಿಸುತ್ತಿದ್ದ ಎಂಜಿನಿಯರನ್ನು ಕೇಳಿದೆ: "ನಾನ್ ಹೆಂಗ್ರೀ ಹೋಗ್ಲಿ?"

"ನಿಮ್ಮಂಥವ್ರ ಸೇಫ್ಟಿಗೇ ಅಲ್ವಾ ಮೇಡಂ ಹಾಕ್ಸಿರೋದು?" ಎಂದು ನನಗೇ ಬುದ್ಧಿ ಹೇಳಿ ಹೊರಟುಹೋದರು. ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು? ಕಂಬಗಳು ಕಾಂಕ್ರೀಟಿನಲ್ಲಿ ಕೂತಿದ್ದವು, ನಾನು ಕುರ್ಚಿಯಲ್ಲಿ.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. "ಮೇಡಂ, ಸ್ವಲ್ಪ ಸೈಡಿಗ್ ಬನ್ನಿ," ಎಂದ ಬೈಕಿನವನು. ಸರಿದೆ. ಹ್ಯಾಂಡಲ್ ಕಂಬಗಳ ಮೇಲಿಂದ, ಚಕ್ರಗಳು ನಡುವಿಂದ ಸಲೀಸಾಗಿ ದಾಟಿ ಅವನು ಫುಟ್‌ಪಾತು ಹತ್ತಿ ಹೋದ.