ಸೂರಿಲ್ಲದ ಚರ್ಚಿನಲ್ಲಿ ನಾನು ಬಿಡಿಸಿದ ಕೈ

ನನ್ನ ಯಜಮಾನರು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವರು. ಇಂಗ್ಲೆಂಡಿನ ರಾಜನೊಬ್ಬ ಕ್ರೈಸ್ತ ಮಠಗಳನ್ನು ಮುಚ್ಚಿಸಿ, ಚಾವಣಿಗೆ ಹೊದಿಸಿದ್ದ ಸೀಸದ ತಗಡನ್ನೂ ಕೀಳಿಸಿದ ಕಥೆಯನ್ನು ಕಪ್ಪು ಹಲಗೆಯ ಮೇಲೆ ಕಮಾನು ಬರೆದು ವಿವರಿಸುತ್ತಿದ್ದರು. "ನೋಡದೇ ಇರೋದನ್ನ ನೋಡಿದೋನ ಥರ ಹೇಳಿದೀನಿ ಕಣೇ, ಒಂದ್ಸಲ ನೋಡ್ಬೇಕು" ಎನ್ನುತ್ತಿದ್ದರು. "ಮೊದಲು ಕೆಂಗೇರಿ ದಾಟಿಸಿ, ಆಮೇಲೆ ಇಂಗ್ಲೆಂಡು" ಎಂದು ನಾನು ಮೂದಲಿಸುತ್ತಿದ್ದೆ.

ಅವರ ಲಿವರಿನಲ್ಲಿ ಗೆಡ್ಡೆ ಕಂಡ ಮೇಲೆ ಡಾಕ್ಟರೇ, "ಹೋಗೋದಿದ್ರೆ ಈಗ್ಲೇ ಹೋಗ್ಬನ್ನಿ" ಎಂದರು. ಹಾಗೆ ಚಂದ್ರಾ ಲೇಔಟಿನ ನಾವಿಬ್ಬರು ಟೂರ್ ಬಸ್ಸಿನಲ್ಲಿ ಕೂತು ಇಂಗ್ಲೆಂಡಿನ ಹಳ್ಳಿಗಾಡು ಸುತ್ತಿದೆವು. ಪ್ರತಿ ಹಳೇ ಚರ್ಚಿನ ಬಾಗಿಲಲ್ಲೂ ನಾನು ಚಪ್ಪಲಿ ಬಿಟ್ಟೆ. ಕಾಲು ಮರಗಟ್ಟುತ್ತಿತ್ತು, ಆದರೂ, ಯಾವ ದೇವರಾದರೇನು, ಇವರನ್ನು ಉಳಿಸಿಕೊಡಪ್ಪಾ ಎಂದು ಬೇಡಿದೆ. ಅವರು ಮಾತ್ರ, ಮನೆಯಲ್ಲಿದ್ದಂತೆಯೇ, ಎಲ್ಲೂ ಕೈ ಮುಗಿಯಲಿಲ್ಲ. ಕಂಬ ತಟ್ಟಿ ನೋಡುತ್ತ, ಗೈಡ್ ತಪ್ಪು ಹೇಳಿದಾಗಲೆಲ್ಲ ಬೇಕೆಂದೇ ಕೆಮ್ಮುತ್ತ ಓಡಾಡಿದರು.

ಕೊನೆಯ ದಿನ ಅವರ ಪಾಠದ ಮಠವೇ ಬಂತು. ಅಲ್ಲಿನ ಚರ್ಚಿಗೆ ಸೂರಿಲ್ಲ, ಕಿಟಕಿಗೆ ಗಾಜಿಲ್ಲ, ಪೀಠವಿದ್ದ ಕಡೆ ಬರೀ ಹುಲ್ಲು. ಹಲಗೆಯ ಮೇಲೆ ಬರೆಯುತ್ತಿದ್ದ ಕಮಾನಿನ ಕೆಳಗೆ ನಿಂತು, ಅವರು ಕಣ್ಣು ಮುಚ್ಚಿ ಎರಡೂ ಕೈ ಎತ್ತಿ ಜೋಡಿಸಿದರು.

ನಮ್ಮಲ್ಲಿ ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಗಾಜೊಡೆದ ದೇವರ ಪಟವನ್ನೂ ಮನೆಯಲ್ಲಿಡದೆ ಅರಳಿಕಟ್ಟೆಯಲ್ಲಿ ಬಿಟ್ಟು ಬರುತ್ತೇವೆ. ಗಂಡನ ಪ್ರಾಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ನಾನು, ಸುಮ್ಮನಿರುತ್ತೇನೆಯೇ? ಓಡಿ ಹೋಗಿ ಅವರ ಕೈ ಬಿಡಿಸಿದೆ.

"ಅಯ್ಯೋ ರಾಮಾ! ಭಿನ್ನ ಆಗಿರೋ ಕಡೆ ಕೈ ಮುಗೀಬಾರ್ದು, ಕೆಟ್ಟದಾಗತ್ತೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. "ನಾನೂ ಭಿನ್ನ ಆಗಿರೋನೇ ಅಲ್ವೇನೇ?"

"ಬಿಡ್ತು ಅನ್ನಿ!" ಎಂದು ಗದರಿ, ತೋಳು ಹಿಡಿದು ಬಸ್ಸಿಗೆ ಎಳೆದುಕೊಂಡು ಹೋದೆ.

ಊರಿಗೆ ಬಂದವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೇಳಿದೆ, "ಅವತ್ತು ಆ ಪಾಳು ಚರ್ಚಲ್ಲಿ ಏನು ಕೇಳ್ಕೊಂಡ್ರಿ?"

ನಕ್ಕರು. "ಕೇಳ್ಕೊಳೋಕೆ ನೀನೆಲ್ಲಿ ಬಿಟ್ಟೆ ತಾಯಿ?"

"ಈಗ ಕೇಳ್ಕೊಳಿ, ದೇವರ ಪಟ ತರ್ತೀನಿ."

"ಬೇಡ ಬಿಡು. ಅಲ್ಲಿ ಅನ್ನಿಸಿತ್ತು, ಅಷ್ಟೇ" ಎಂದು ಗೋಡೆಯ ಕಡೆ ತಿರುಗಿದರು. ವಾರದೊಳಗೆ ಹೋಗಿಬಿಟ್ಟರು.

ನಾನು ಬೇಡಿದ ಚರ್ಚುಗಳಿಗೆ ಸೂರಿತ್ತು, ಗಾಜಿತ್ತು, ಗಂಟೆಯಿತ್ತು. ಒಂದು ದೇವರೂ ಕೇಳಿಸಿಕೊಳ್ಳಲಿಲ್ಲ. ಜನ್ಮಕ್ಕೊಮ್ಮೆ ಏನೋ ಕೇಳಬೇಕೆಂದು ಕೈ ಎತ್ತಿದವರನ್ನು ನಾನೇ ಕೈಯಾರೆ ತಡೆದೆನಲ್ಲ!

ಟೂರಿನಲ್ಲಿ ಜೊತೆಗಿದ್ದ ಒಬ್ಬಾಕೆ ಮೊನ್ನೆ ಅವತ್ತಿನ ಫೋಟೋ ಕಳಿಸಿದರು. ಕಮಾನಿನ ಕೆಳಗೆ ಅವರ ಎರಡು ಕೈ, ನಡುವೆ ನನ್ನ ಕೈ. ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟೆ. "ಹೋದವರ ಫೋಟೋ ಅಲ್ಲಿಡಬಾರ್ದು ಆಂಟಿ" ಎಂದಳು ಪಕ್ಕದ ಮನೆಯ ಹುಡುಗಿ. ಈ "ಬಾರದು"ಗಳೆಲ್ಲ ನನಗೆ ಸಾಕಾಗಿ ಹೋಗಿವೆ. ದಿನಾ ಬೆಳಿಗ್ಗೆ ದೀಪ ಹಚ್ಚಿ, ಆ ಫೋಟೋ ಮುಂದೆ ಕೂತು ಹೇಳುತ್ತೇನೆ, "ಈಗ ಕೇಳ್ಕೊಳ್ರೀ, ನಾನು ತಡೆಯಲ್ಲ."